ಮಾಡ್ಯೂಲ್ ಐತೆ, ಕಮಾಂಡ್ ಕೊಟ್ರೆ ಯಾಕೆ ಓಡಲ್ಲ? ಓದುಗರ ಪ್ರಶ್ನೆ, ನಮ್ಮ ಉತ್ತರ

ಹೋದ ಸಂಚಿಕೇಲಿ ಇನ್‌ಫರ್ನೋ ಅನ್ನೋ ಆಪರೇಟಿಂಗ್ ಸಿಸ್ಟಂ ಬಗ್ಗೆ ಒಂದು ಸಣ್ಣ ಉತ್ತರ ಬರೆದಿದ್ದೆ. ಬೆಲ್ ಲ್ಯಾಬ್ಸ್‌ನವರು 1995ರಲ್ಲಿ ಪ್ರಯೋಗಕ್ಕೆ ಅಂತ ಶುರು ಮಾಡಿದ್ದು, ಈಗ ಸೋರ್ಸ್ ಕೋಡ್ ಸಮೇತ ಪುಕ್ಸಟ್ಟೆ ಸಿಗುತ್ತೆ, ನಮ್ಮ ಲಿನಕ್ಸ್ ಮೇಲೇ ಎಮು ಅನ್ನೋ ಒಂದು ಮಾಮೂಲಿ ಪ್ರೋಗ್ರಾಂ ಥರ ಓಡಿಸಬಹುದು, ಆಸಕ್ತಿ ಇದ್ದೋರು ಹಾಕ್ಕೊಂಡು ನೋಡ್ರಿ ಅಂದಿದ್ದೆ ಅಷ್ಟೇ. ಇಷ್ಟೊಂದು ಜನ ನಿಜವಾಗ್ಲೂ ಹಾಕ್ಕೊಂಡು ನೋಡ್ತಾರೆ ಅಂತ ಅಂದ್ಕೊಂಡಿರಲಿಲ್ಲ, ದಾವಣಗೆರೆ, ಹರಿಹರ, ಚಿತ್ರದುರ್ಗ, ಚಳ್ಳಕೆರೆ ಎಲ್ಲಾ ಕಡೆಯಿಂದ ಪ್ರಶ್ನೆ ಬಂದವೆ, ತುಂಬಾ ಖುಷಿಯಾಯ್ತು. ಹಂಗಾಗಿ ಈ ಸಲ ಪೂರ್ತಿ ಅಂಕಣ ಇದಕ್ಕೇ ಬಿಟ್ಟೀನಿ.

ಒಂದು ಮಾತು ಮೊದಲೇ ಹೇಳ್ಬಿಡ್ತೀನಿ. ಕಮಾಂಡುಗಳನ್ನೂ ಇಲ್ಲಿ ಕನ್ನಡ ಅಕ್ಷರದಾಗೇ ಬಾಯಲ್ಲಿ ಹೇಳೋ ಥರ ಬರೆದೀನಿ, ನೀವು ಹೊಡೆಯುವಾಗ ಇಂಗ್ಲಿಷ್ ಸಣ್ಣಕ್ಷರದಲ್ಲಿ ಹೊಡೀರಿ. ದೊಡ್ಡಕ್ಷರ ಬೇಕಾದ ಕಡೆ ಬಿಡಿಸಿ ಹೇಳಿದೀನಿ.

ಪ್ರಶ್ನೆ: ಸಾರ್ ನಾನು ಇಂಜಿನಿಯರಿಂಗ್ ಫೈನಲ್ ಇಯರ್. ಇನ್‌ಫರ್ನೋ ಹಾಕ್ಕೊಂಡೆ, ಹಲೋ ಡಾಟ್ ಬಿ ಅಂತ ಲಿಂಬೋ ಭಾಷೆಯಲ್ಲಿ ಪ್ರೋಗ್ರಾಂ ಬರ್ದೆ, ಕಂಪೈಲ್ ಆಗಿ ಹಲೋ ಡಾಟ್ ಡಿಸ್ ಫೈಲೂ ಬಂತು. ಟರ್ಮಿನಲ್‌ನಾಗೆ ಅದನ್ನ ಓಡ್ಸಿದ್ರೆ ಪರ್ಮಿಷನ್ ಡಿನೈಡ್ ಅಂತು, ಸಿಎಚ್‌ಮಾಡ್ ಕೊಟ್ಟು ಪರ್ಮಿಷನ್ ಹಾಕ್ದೆ, ಆಮೇಲೆ ಎಕ್ಸೆಕ್ ಫಾರ್ಮ್ಯಾಟ್ ಎರರ್ ಅಂತು. ಸರಿ ಅಂತ ಎಮು ಒಳಗೆ ಹೋಗಿ ಹಲೋ ಅಂತ ಹೊಡೆದ್ರೆ ಫೈಲೇ ಇಲ್ಲ ಅಂತೈತೆ. ಫೈಲ್ ನನ್ ಕಣ್ಣೆದುರಿಗೇ ಐತೆ ಸಾರ್. ಎರಡು ದಿನ ಆಯ್ತು. — ಓದುಗ, ವಿದ್ಯಾನಗರ, ದಾವಣಗೆರೆ

ಉತ್ತರ: ತಮ್ಮಾ, ನೀನು ಮಾಡಿದ್ದರಲ್ಲಿ ತಪ್ಪು ಅನ್ನೋದು ಏನಿಲ್ಲ, ಎರಡು ಪ್ರಪಂಚ ಒಂದೇ ಸ್ಕ್ರೀನ್ ಮೇಲೆ ಕಾಣ್ತಾ ಇರೋದ್ರಿಂದ ಬಂದಿರೋ ಗೊಂದಲ ಇದು. ಒಂದೊಂದೇ ಬಿಡಿಸೋಣ.

ಮೊದಲನೇದು, ಹಲೋ ಡಾಟ್ ಡಿಸ್ ಅನ್ನೋದು ನಿನ್ನ ಲ್ಯಾಪ್‌ಟಾಪಿನ ಇಂಟೆಲ್ ಪ್ರೊಸೆಸರ್‌ಗೆ ಅರ್ಥ ಆಗೋ ಫೈಲ್ ಅಲ್ಲ. ಅದು ಡಿಸ್ ಅನ್ನೋ ವರ್ಚುವಲ್ ಮಷೀನಿನ ಬೈಟ್‌ಕೋಡ್, ಜಾವಾದ ಕ್ಲಾಸ್ ಫೈಲ್ ಹೆಂಗೋ ಹಂಗೆ. ಪರ್ಮಿಷನ್ ಎಷ್ಟು ಕೊಟ್ರೂ ಲಿನಕ್ಸ್ ಕರ್ನಲ್ ಅದನ್ನ ತೆಗೆದು ನೋಡಿ ಇದು ನನ್ನ ಫಾರ್ಮ್ಯಾಟ್ ಅಲ್ಲ ಅಂತ ವಾಪಸ್ ಕಳಿಸುತ್ತೆ. ಲಿಂಬೋ ಕಂಪೈಲರ್ ಲಿನಕ್ಸ್ ಕಡೆಗೂ ಒಂದೈತೆ, ಎಮು ಒಳಗೂ ಒಂದೈತೆ, ಹೊರಗಡೆ ಕಂಪೈಲ್ ಆಯ್ತಲ್ಲ ಅಂದ್ರೆ ಹೊರಗಡೇನೇ ಓಡಬೇಕು ಅಂತ ಯಾರಿಗಾದ್ರೂ ಅನ್ಸುತ್ತೆ. ಆದ್ರೆ ಓಡೋದು ಎಮು ಒಳಗೆ ಮಾತ್ರ.

ಎರಡನೇದು ಫೈಲ್ ಇಲ್ಲ ಅನ್ನೋದು. ಎಮು ಶುರು ಮಾಡಿದ ಮೇಲೆ ಸೆಮಿಕೋಲನ್ ಪ್ರಾಂಪ್ಟ್ ಬರುತ್ತಲ್ಲ, ಅಲ್ಲಿಂದ ಮುಂದೆ ನಿನಗೆ ಕಾಣೋ ಸ್ಲ್ಯಾಶ್, ಅಂದ್ರೆ ರೂಟು, ಲಿನಕ್ಸಿನ ರೂಟ್ ಅಲ್ಲ. ನೀನು ಇನ್‌ಫರ್ನೋ ಯಾವ ಫೋಲ್ಡರ್‌ನಾಗೆ ಹಾಕಿದೀಯೋ ಆ ಫೋಲ್ಡರೇ ಅದಕ್ಕೆ ರೂಟು. ನಿನ್ನ ಹೋಮ್ ಫೋಲ್ಡರ್‌ನಾಗೆ ಇಟ್ಟಿರೋ ಹಲೋ ಡಾಟ್ ಡಿಸ್ ಅದರ ಗೋಡೆಯಿಂದ ಆಚೆಗೆ ಐತೆ. ಇದಕ್ಕೆ ಎರಡು ದಾರಿ. ಸುಲಭದ್ದು ಅಂದ್ರೆ ಇನ್‌ಫರ್ನೋ ಫೋಲ್ಡರ್ ಒಳಗಡೆ ಯುಎಸ್‌ಆರ್, ಅದರೊಳಗೆ ಇನ್‌ಫರ್ನೋ ಅಂತ ಒಂದು ಡೈರೆಕ್ಟರಿ ಐತೆ, ಅಲ್ಲೇ ಪ್ರೋಗ್ರಾಂ ಇಟ್ಕೊಂಡು ಅಲ್ಲಿಗೆ ಸಿಡಿ ಮಾಡಿ ಕೆಲ್ಸ ಮಾಡೋದು. ಇನ್ನೊಂದು ದಾರಿ, ಲಿನಕ್ಸಿನ ಪೂರ್ತಿ ಫೈಲ್ ಸಿಸ್ಟಂನ ಒಳಗೆ ತಂದು ಕಟ್ಕೊಳ್ಳೋದು: ಬೈಂಡ್, ಆಮೇಲೆ ಸಿಂಗಲ್ ಕೋಟ್ ಒಳಗೆ ಹ್ಯಾಶ್ ದೊಡ್ಡ ಯು ನಕ್ಷತ್ರ, ಆಮೇಲೆ ಜಾಗ ಬಿಟ್ಟು ಸ್ಲ್ಯಾಶ್ ಎನ್ ಸ್ಲ್ಯಾಶ್ ಲೋಕಲ್. ಆ ಕೋಟ್ ಮರೀಬೇಡ, ಈ ಶೆಲ್‌ನಾಗೂ (ನೀನು ಹೊಡೆದ ಕಮಾಂಡ್ ಓದಿ ನಡೆಸೋ ಪ್ರೋಗ್ರಾಮೇ ಶೆಲ್ಲು) ಹ್ಯಾಶ್ ಅಂದ್ರೆ ಕಾಮೆಂಟು, ಕೋಟ್ ಇಲ್ದಿದ್ರೆ ಅಲ್ಲಿಂದ ಮುಂದಿನದ್ದೆಲ್ಲ ಶೆಲ್ ಓದೋದೇ ಇಲ್ಲ. ಬೈಂಡ್ ಆದ್ಮೇಲೆ ಸ್ಲ್ಯಾಶ್ ಎನ್ ಸ್ಲ್ಯಾಶ್ ಲೋಕಲ್ ಸ್ಲ್ಯಾಶ್ ಹೋಮ್ ಅಂತ ಹೋದ್ರೆ ನಿನ್ನ ಫೈಲೆಲ್ಲ ಅಲ್ಲಿರ್ತವೆ.

ಮೂರನೇದು ನೀನು ಕೇಳಿಲ್ಲ, ಆದ್ರೂ ಹೇಳ್ಲೇಬೇಕು, ಯಾಕಂದ್ರೆ ಈ ಸಿಸ್ಟಂನ ಜೀವ ಇರೋದೇ ಇಲ್ಲಿ. ಲಿನಕ್ಸ್‌ನಾಗೆ ಕಮಾಂಡ್ ಕೊಟ್ರೆ ಶೆಲ್ಲು ಫೋರ್ಕ್ ಮಾಡಿ ತನ್ನದೇ ಇನ್ನೊಂದು ನಕಲು ಮಾಡಿ ಅದರ ಜಾಗಕ್ಕೆ ಹೊಸ ಪ್ರೋಗ್ರಾಮನ್ನ ತಂದು ಕೂರಿಸುತ್ತೆ. ಇನ್‌ಫರ್ನೋದಾಗೆ ಪ್ರೋಗ್ರಾಂ ಅನ್ನೋ ಬೇರೆ ಜಾತೀನೇ ಇಲ್ಲ, ಇರೋದೆಲ್ಲ ಮಾಡ್ಯೂಲು, ಅಂದ್ರೆ ಬೇಕಾದಾಗ ಲೋಡ್ ಮಾಡ್ಕೊಳ್ಳೋ ಕೋಡಿನ ತುಂಡು. ನೀನು ಹಲೋ ಅಂದ ತಕ್ಷಣ ಶೆಲ್ಲು ಹೆಸರಿಗೆ ಡಾಟ್ ಡಿಸ್ ಅಂತ ಸೇರ್ಸ್ಕೊಳುತ್ತೆ, ಆ ಫೈಲ್ ಹುಡುಕಿ ಲೋಡ್ ಮಾಡುತ್ತೆ, ಅದರೊಳಗೆ ಇನಿಟ್ ಅನ್ನೋ ಫಂಕ್ಷನ್ ಐತಾ, ಅದು ಸರಿಯಾದ ಟೈಪಿಂದಾ ಅಂತ ನೋಡುತ್ತೆ, ಹೊಸ ಪ್ರಾಸೆಸ್‌ನಾಗೆ ಆ ಇನಿಟ್‌ನ ಕರೆಯುತ್ತೆ. ಇನಿಟ್‌ಗೆ ಎರಡು ಆರ್ಗ್ಯುಮೆಂಟ್: ಒಂದು ಡ್ರಾ ಕಾಂಟೆಕ್ಸ್ಟ್, ಅಂದ್ರೆ ಪರದೆ ಮೇಲೆ ಬರೆಯೋಕೆ ಬೇಕಾದ್ದು, ಇನ್ನೊಂದು ನೀನು ಟೈಪ್ ಮಾಡಿದ ಪದಗಳ ಲಿಸ್ಟು. ಲಿಸ್ಟಿನ ಮೊದಲ್ನೇ ಪದ ಕಮಾಂಡಿನ ಹೆಸರು, ಮಿಕ್ಕಿದ್ದು ನಿನ್ನ ಆರ್ಗ್ಯುಮೆಂಟುಗಳು. ಇಷ್ಟೇನೇ. ಕಮಾಂಡ್ ಅಂದ್ರೆ ಇನಿಟ್ ಇರೋ ಮಾಡ್ಯೂಲು, ಅದಕ್ಕಿಂತ ಹೆಚ್ಚಿಗೆ ಏನೂ ಇಲ್ಲ. ದುರ್ಗದ ಕೋಟೇಲಿ ಓಬವ್ವನ ಕಿಂಡಿ ನೋಡಿದೀಯಲ್ಲ, ಒಬ್ಬ ಮನುಷ್ಯ ನುಸುಳೋ ಅಷ್ಟೇ ಜಾಗ, ಇನಿಟ್ ಅಂದ್ರೆ ಹಂಗೇ, ಮಾಡ್ಯೂಲ್ ಒಳಗೆ ಇನ್ನೂ ಇಪ್ಪತ್ತು ಫಂಕ್ಷನ್ ಇದ್ರೂ ಶೆಲ್ಲು ಒಳಗೆ ಹೋಗೋದು ಆ ಒಂದು ಕಿಂಡಿಯಿಂದಾನೇ. ಮುಂದಿನ ಉತ್ತರಗಳೆಲ್ಲ ಈ ಒಂದು ಮಾತಿನ ಮೇಲೇ ನಿಂತಿರೋದು, ಅದಕ್ಕೇ ಇಷ್ಟು ಉದ್ದ ಬರ್ದೆ.

ಪ್ರಶ್ನೆ: ನನ್ನ ಪ್ರೋಗ್ರಾಂ ಹೆಸರು ಟೆಸ್ಟ್. ಎಮು ಒಳಗೆ ಸರಿಯಾದ ಡೈರೆಕ್ಟರಿಯಲ್ಲೇ ಇದೀನಿ, ಟೆಸ್ಟ್ ಅಂತ ಹೊಡೆದ್ರೆ ಎರರೂ ಇಲ್ಲ, ಔಟ್‌ಪುಟ್ಟೂ ಇಲ್ಲ, ಸುಮ್ನೆ ಪ್ರಾಂಪ್ಟ್ ಬರುತ್ತೆ. — ಓದುಗರು, ಹರಿಹರ

ಉತ್ತರ: ಹೆಸರು ಬದಲಾಯಿಸ್ರಿ ಸಾರ್, ಸರಿಹೋಗುತ್ತೆ. ಈ ಶೆಲ್ಲು ಮೊದಲು ಸ್ಲ್ಯಾಶ್ ಡಿಸ್ ಅನ್ನೋ ಡೈರೆಕ್ಟರಿಯಲ್ಲಿ ಹುಡುಕುತ್ತೆ, ಅಲ್ಲಿ ಸಿಗದಿದ್ರೆ ಮಾತ್ರ ನೀವಿರೋ ಡೈರೆಕ್ಟರಿಗೆ ಬರುತ್ತೆ. ಟೆಸ್ಟ್ ಅನ್ನೋ ಕಮಾಂಡ್ ಇನ್‌ಫರ್ನೋದಲ್ಲಿ ಮೊದಲಿಂದ್ಲೂ ಐತೆ, ನೀವು ಓಡಿಸ್ತಾ ಇರೋದು ಅದನ್ನ. ಹೆಸರು ಅದೇ ಇರ್ಲಿ ಅಂದ್ರೆ ಡಾಟ್ ಸ್ಲ್ಯಾಶ್ ಟೆಸ್ಟ್ ಅಂತ ಹೊಡೀರಿ.

ಪ್ರಶ್ನೆ: ಹಲೋ ಪ್ರೋಗ್ರಾಂ ಸಿಗ್ತಾ ಇದೆ, ಲೋಡೂ ಆಗ್ತಾ ಇದೆ ಅನ್ಸುತ್ತೆ, ಆದ್ರೆ ಬ್ರೋಕನ್, ಮಾಡ್ಯೂಲ್ ನಾಟ್ ಲೋಡೆಡ್ ಅಂತ ಬಂದು ನಿಲ್ಲುತ್ತೆ. ಸಿಸ್ ಡಾಟ್ ಎಮ್ ಇನ್‌ಕ್ಲೂಡ್ ಮಾಡಿದೀನಿ, ಸಿಸ್ ವೇರಿಯಬಲ್ ಡಿಕ್ಲೇರ್ ಮಾಡಿದೀನಿ, ಕಂಪೈಲರ್ ಒಂದು ವಾರ್ನಿಂಗೂ ಕೊಟ್ಟಿಲ್ಲ. ಲೋಡ್ ಆಗದೇ ಇರೋ ಮಾಡ್ಯೂಲ್ ಯಾವ್ದು ಮೇಡಂ ಅಥವಾ ಸಾರ್ (ನೀವು ಯಾರು ಅಂತ ಗೊತ್ತಿಲ್ಲ). — ಓದುಗಳು, ಚಿತ್ರದುರ್ಗ ಕೋಟೆ ರಸ್ತೆ ಹತ್ರ

ಉತ್ತರ: ಸಾರ್ ಅನ್ನಿ, ಅಣ್ಣ ಅಂದ್ರೂ ಪರವಾಗಿಲ್ಲಮ್ಮಾ. ಲೋಡ್ ಆಗದೇ ಇರೋದು ಸಿಸ್ ಮಾಡ್ಯೂಲೇ. ಸಿ ಭಾಷೆ ಮೊದಲು ಕಲಿತು ಇಲ್ಲಿಗೆ ಬಂದೋರು ಎಲ್ಲರೂ ಇಲ್ಲಿ ಒಂದು ಸಲ ಎಡವ್ತಾರೆ, ಅದ್ರಿಂದ ಸ್ವಲ್ಪ ನಿಧಾನಕ್ಕೆ ಹೇಳ್ತೀನಿ.

ಸಿ ಭಾಷೆಯಲ್ಲಿ ನಾವು ಹೆಡರ್ ಫೈಲ್ ಇನ್‌ಕ್ಲೂಡ್ ಮಾಡಿ ಪ್ರಿಂಟ್‌ಎಫ್ ಕರೀತೀವಿ, ಕೊನೆಗೆ ಲಿಂಕರ್ ಅನ್ನೋನು ಬಂದು ಲೈಬ್ರರಿ ತಂದು ಜೋಡಿಸಿ ಕೊಡ್ತಾನೆ, ನಮಗೆ ಗೊತ್ತೇ ಆಗಲ್ಲ. ಲಿಂಬೋದಲ್ಲಿ ಆ ಲಿಂಕರ್ ಇಲ್ಲ. ಇನ್‌ಕ್ಲೂಡ್ ಮಾಡಿದ್ರೆ ಬರೋದು ಬರೀ ವಿವರಣೆ, ಅಂದ್ರೆ ಈ ಮಾಡ್ಯೂಲ್‌ನಾಗೆ ಇಂಥಿಂಥ ಫಂಕ್ಷನ್ ಇರ್ತವೆ, ಅವಕ್ಕೆ ಇಂಥಿಂಥ ಆರ್ಗ್ಯುಮೆಂಟ್ ಅಂತ. ಹೋಟೆಲಿನ ಗೋಡೆ ಮೇಲೆ ಬೆಣ್ಣೆ ದೋಸೆ, ಖಾಲಿ ದೋಸೆ ಅಂತ ಬೋರ್ಡ್ ಇರುತ್ತಲ್ಲ, ಅಷ್ಟು. ದೋಸೆ ಬರಬೇಕಂದ್ರೆ ಹೇಳ್ಬೇಕು. ಆ ಹೇಳೋದೇ ಲೋಡ್ ಅನ್ನೋ ಪದ. ಇನಿಟ್ ಒಳಗಡೆ ಮೊದಲ್ನೇ ಸಾಲೇ ಇದಿರಬೇಕು: ಸಿಸ್ ಈಕ್ವಲ್ ಟು ಲೋಡ್ ಸಿಸ್, ಜಾಗ ಬಿಟ್ಟು ಸಿಸ್ ಬಾಣದ ಗುರುತು ಪಾಥ್. ಎಡಗಡೆ ಸಿಸ್ ಪೂರ್ತಿ ಸಣ್ಣಕ್ಷರ, ಅದು ನೀವು ಡಿಕ್ಲೇರ್ ಮಾಡಿದ ವೇರಿಯಬಲ್ಲು. ಬಲಗಡೆ ಎರಡು ಸಿಸ್‌ಗೂ ಮೊದಲಕ್ಷರ ದೊಡ್ಡದು, ಅದು ಮಾಡ್ಯೂಲಿನ ಟೈಪು. ಪಾಥ್ ಪೂರ್ತಿ ದೊಡ್ಡಕ್ಷರ.

ಕಂಪೈಲರ್ ಯಾಕೆ ಸುಮ್ನಿತ್ತು ಅಂದ್ರೆ ಅದರ ಲೆಕ್ಕದಲ್ಲಿ ಎಲ್ಲಾ ಸರಿ ಐತೆ. ವೇರಿಯಬಲ್ ಐತೆ, ಟೈಪ್ ಐತೆ, ಕರೆದಿರೋ ಫಂಕ್ಷನ್ ವಿವರಣೇಲಿ ಐತೆ. ಆ ವೇರಿಯಬಲ್ ಒಳಗೆ ಓಡೋ ಹೊತ್ತಿಗೆ ನಿಲ್, ಅಂದ್ರೆ ಖಾಲಿ, ಇರುತ್ತೋ ನಿಜವಾದ ಮಾಡ್ಯೂಲ್ ಇರುತ್ತೋ ಅನ್ನೋದು ಓಡುವಾಗ ಗೊತ್ತಾಗೋ ವಿಷಯ.

ಇನ್ನೊಂದು ಅಭ್ಯಾಸ ಈಗ್ಲೇ ಮಾಡ್ಕೊಳ್ರಿ. ಸಿಸ್ ಅನ್ನೋದು ಕರ್ನಲ್ ಒಳಗೇ ಇರೋ ಮಾಡ್ಯೂಲು, ಅದು ಲೋಡ್ ಆಗಲ್ಲ ಅನ್ನೋ ಮಾತೇ ಇಲ್ಲ. ಬೇರೆ ಮಾಡ್ಯೂಲುಗಳು ಹಂಗಲ್ಲ, ಬಫ್‌ಐಓ ಇರಬಹುದು, ಆರ್ಗ್ ಇರಬಹುದು, ನೀವೇ ಬರ್ದಿದ್ದಿರಬಹುದು, ಅವೆಲ್ಲ ಫೈಲಿಂದ ಬರ್ಬೇಕು. ಫೈಲ್ ಇಲ್ದಿದ್ರೆ ಲೋಡ್ ನಿಲ್ ಕೊಟ್ಟು ಸುಮ್ಮನಾಗುತ್ತೆ, ಎಕ್ಸೆಪ್ಷನ್ ಗಿಕ್ಸೆಪ್ಷನ್ ಏನೂ ಎಬ್ಬಿಸಲ್ಲ. ಅದಕ್ಕೇ ಪ್ರತಿ ಲೋಡ್ ಆದ್ಮೇಲೂ ನಿಲ್ ಐತಾ ಅಂತ ನೋಡಿ, ಇದ್ರೆ ಪರ್ಸೆಂಟ್ ಆರ್ ಹಾಕಿ ಪ್ರಿಂಟ್ ಮಾಡ್ರಿ. ಆ ಪರ್ಸೆಂಟ್ ಆರ್ ಜಾಗದಾಗೆ ಸಿಸ್ಟಂನ ಕೊನೇ ಎರರ್ ಮೆಸೇಜ್ ಬಂದು ಕೂರುತ್ತೆ, ಫೈಲ್ ಸಿಗಲಿಲ್ವಾ, ಟೈಪ್ ಹೊಂದಲಿಲ್ವಾ ಅಂತ ಅಲ್ಲೇ ಗೊತ್ತಾಗುತ್ತೆ. ಆಮೇಲೆ ರೈಸ್ ಮಾಡಿ, ಫೇಲ್ ಕೋಲನ್ ಅಂತ ಶುರುವಾಗೋ ಒಂದು ಸ್ಟ್ರಿಂಗ್ ಕೊಟ್ಟು ಹೊರಗೆ ಬನ್ನಿ, ಇನ್‌ಫರ್ನೋದಾಗೆ ಕಮಾಂಡ್ ಸೋತಿದೆ ಅಂತ ಶೆಲ್‌ಗೆ ತಿಳಿಸೋ ರೀತಿ ಅದೇ. ಯುನಿಕ್ಸ್ ಥರ ಒಂದು, ಎರಡು ಅಂತ ನಂಬರ್ ಅಲ್ಲ, ಏನಾಯ್ತು ಅಂತ ಪದದಲ್ಲೇ ಹೇಳೋದು. ನನಗೆ ಇದು ತುಂಬಾ ಇಷ್ಟ.

ಬ್ರೋಕನ್ ಅಂತ ಬಂದ ಪ್ರಾಸೆಸ್ ಸತ್ತು ಹೋಗಿರಲ್ಲ, ನಿಂತಿರುತ್ತೆ ಅಷ್ಟೇ. ಪಿಎಸ್ ಹೊಡೆದ್ರೆ ಲಿಸ್ಟಿನಾಗೆ ಬ್ರೋಕನ್ ಅಂತಾನೇ ಕಾಣುತ್ತೆ, ಸ್ಟ್ಯಾಕ್ ಅಂತ ಹೊಡೆದು ಆ ನಂಬರ್ ಕೊಟ್ರೆ ಯಾವ ಫಂಕ್ಷನ್‌ನಾಗೆ, ಯಾವ ಸಾಲಲ್ಲಿ ನಿಂತೈತೆ ಅಂತ ತೋರಿಸುತ್ತೆ. ಸಾಲಿನ ನಂಬರ್ ಬರಬೇಕಂದ್ರೆ ಕಂಪೈಲ್ ಮಾಡುವಾಗ ಲಿಂಬೋ ಆದ್ಮೇಲೆ ಹೈಫನ್ ಜಿ ಕೊಟ್ಟಿರಬೇಕು, ಅದು ಎಸ್‌ಬಿಎಲ್ ಅಂತ ಇನ್ನೊಂದು ಫೈಲ್ ಮಾಡಿಡುತ್ತೆ. ನೋಡಿ ಮುಗಿದ್ಮೇಲೆ ಕಿಲ್ ಮಾಡಿಬಿಡ್ರಿ, ಇಲ್ಲಾಂದ್ರೆ ಹತ್ತಾರು ಬ್ರೋಕನ್ ಸೇರ್ಕೊಂಡು ಮೆಮೊರಿ ಹಿಡ್ಕೊಂಡಿರ್ತವೆ.

ಪ್ರಶ್ನೆ: ಶೆಲ್ ಸ್ಕ್ರಿಪ್ಟ್ ಬರೆಯೋಣ ಅಂದ್ರೆ ಇಫ್ ಅಂದ್ರೆ ಫೈಲ್ ಇಲ್ಲ ಅಂತಿದೆ. ಇಫ್ ಇಲ್ಲದ ಶೆಲ್ ಇರುತ್ತಾ? — ಓದುಗರು, ನಿಟ್ಟುವಳ್ಳಿ, ದಾವಣಗೆರೆ

ಉತ್ತರ: ಇರುತ್ತೆ, ನಿಮ್ಮ ಮುಂದೇನೇ ಐತೆ. ಮೊದಲು ಲೋಡ್ ಎಸ್‌ಟಿಡಿ ಅಂತ ಹೊಡೀರಿ, ಆಮೇಲೆ ಇಫ್, ಫಾರ್, ವೈಲ್ ಎಲ್ಲಾ ಬರ್ತವೆ. ಇಫ್ ಕೂಡಾ ಒಂದು ಮಾಡ್ಯೂಲಿಂದ ಬರೋದು, ಶೆಲ್ಲಿಗೆ ತನ್ನದೇ ಅಂತ ಇರೋದು ತುಂಬಾ ಕಮ್ಮಿ. ಲೆಕ್ಕ ಬೇಕಾ, ಲೋಡ್ ಎಕ್ಸ್‌ಪ್ರ್. ಕಿಟಕಿ, ಬಟನ್ ಬೇಕಾ, ಲೋಡ್ ಟಿಕೆ. ಸ್ಕ್ರಿಪ್ಟಿನ ಮೊದಲ ಸಾಲಲ್ಲೇ ಬೇಕಾದ್ದೆಲ್ಲ ಲೋಡ್ ಮಾಡ್ಕೊಂಡ್ಬಿಡ್ರಿ.

ಪ್ರಶ್ನೆ: ಇನ್‌ಫರ್ನೋದಲ್ಲಿರೋ ಗಡಿಯಾರದ ಪ್ರೋಗ್ರಾಂ ಓಡಿಸಿದ್ರೆ ನೋ ವಿಂಡೋ ಕಾಂಟೆಕ್ಸ್ಟ್ ಅಂತ ಬರುತ್ತೆ. — ಓದುಗ, ಹೊಳಲ್ಕೆರೆ

ಉತ್ತರ: ಇನಿಟ್‌ಗೆ ಎರಡು ಆರ್ಗ್ಯುಮೆಂಟ್ ಅಂದೆನಲ್ಲ, ಮೊದಲ್ನೇದು ಡ್ರಾ ಕಾಂಟೆಕ್ಸ್ಟ್, ಅದೇ ಇದು. ಬರೀ ಸೆಮಿಕೋಲನ್ ಪ್ರಾಂಪ್ಟಿನಿಂದ ಓಡಿಸಿದ್ರೆ ಶೆಲ್ ಹತ್ರ ಕೊಡೋಕೆ ಪರದೆ ಅನ್ನೋದೇ ಇಲ್ಲ, ನಿಲ್ ಕೊಡುತ್ತೆ, ಪ್ರೋಗ್ರಾಂ ನೋಡಿ ವಾಪಸ್ ಬರುತ್ತೆ. ಮೊದಲು ಡಬ್ಲ್ಯುಎಂ ಸ್ಲ್ಯಾಶ್ ಡಬ್ಲ್ಯುಎಂ ಅಂತ ಕೊಟ್ಟು ವಿಂಡೋ ಮ್ಯಾನೇಜರ್ ಶುರು ಮಾಡು, ಅದರೊಳಗೆ ಮೆನುವಿಂದ ಒಂದು ಶೆಲ್ ಕಿಟಕಿ ತೆಗಿ, ಅಲ್ಲಿಂದ ಅದೇ ಕಮಾಂಡ್ ಕೊಡು. ಆ ಶೆಲ್ಲಿಗೆ ಕಾಂಟೆಕ್ಸ್ಟ್ ಸಿಕ್ಕಿರುತ್ತೆ, ಅದು ಮುಂದಕ್ಕೆ ನಿನ್ನ ಪ್ರೋಗ್ರಾಂಗೆ ದಾಟಿಸುತ್ತೆ. ಎಮು ಶುರು ಮಾಡುವಾಗ್ಲೇ ಎಮು ಡಬ್ಲ್ಯುಎಂ ಸ್ಲ್ಯಾಶ್ ಡಬ್ಲ್ಯುಎಂ ಅಂತ ಕೊಟ್ರೂ ಆಯ್ತು.

ಪ್ರಶ್ನೆ: ನಾನು ಕಾಲೇಜು ಉಪನ್ಯಾಸಕ. ನಮ್ಮ ಹುಡುಗರು ನಾಲ್ಕು ಜನ ಸೇರಿ ಇನ್‌ಫರ್ನೋ ಮೇಲೆ ಒಂದು ಸಣ್ಣ ಪ್ರಾಜೆಕ್ಟ್ ಮಾಡ್ತಾ ಇದಾರೆ, ಅವರವರ ಮಾಡ್ಯೂಲ್ ಅವರವರ ಹತ್ರ ಚೆನ್ನಾಗೇ ಓಡ್ತವೆ, ಒಟ್ಟಿಗೆ ಸೇರಿಸಿದ್ರೆ ಲೋಡ್ ಆಗಲ್ಲ, ಲಿಂಕ್ ಟೈಪ್‌ಚೆಕ್ ಅಂತ ಬಂದು ಮುಂದೆ ಎರಡು ದೊಡ್ಡ ನಂಬರ್ ಬರ್ತವೆ. ಒಬ್ಬರ ಮೇಲೊಬ್ಬರು ತಪ್ಪು ಹಾಕ್ತಾ ಇದಾರೆ. — ಓದುಗರು, ಚಳ್ಳಕೆರೆ

ಉತ್ತರ: ಮೇಷ್ಟ್ರೇ, ಹುಡುಗರಿಗೆ ಜಗಳ ನಿಲ್ಸೋಕೆ ಹೇಳಿ, ಆ ಎರಡು ನಂಬರೇ ಸಾಕ್ಷಿ. ಲಿಂಬೋ ಕಂಪೈಲರ್ ಪ್ರತಿ ಫಂಕ್ಷನ್ನಿನ ಟೈಪಿಗೂ ಒಂದು ಸಹಿ ಹಾಕುತ್ತೆ, ಎಮ್‌ಡಿ5 ಹ್ಯಾಶ್ ಬಳಸಿ ಮಾಡೋ ಸಹಿ ಅದು. ಕರೆಯೋ ಮಾಡ್ಯೂಲಿನಾಗೂ ಒಂದು ಸಹಿ ಇರುತ್ತೆ, ಕರೆಸ್ಕೊಳ್ಳೋ ಮಾಡ್ಯೂಲಿನಾಗೂ ಒಂದಿರುತ್ತೆ, ಲೋಡ್ ಮಾಡೋ ಹೊತ್ತಿಗೆ ಎರಡನ್ನೂ ತಾಳೆ ನೋಡ್ತಾರೆ. ಯಾರೋ ಒಬ್ಬರು ಡಾಟ್ ಎಮ್ ಫೈಲಿನಾಗೆ, ಅಂದ್ರೆ ಮೇಲೆ ಹೇಳಿದ ಆ ವಿವರಣೆ ಫೈಲಿನಾಗೆ, ಒಂದು ಫಂಕ್ಷನ್ನಿಗೆ ಆರ್ಗ್ಯುಮೆಂಟ್ ಹೆಚ್ಚು ಮಾಡಿದಾರೆ, ಇಲ್ಲಾ ವಾಪಸ್ ಕೊಡೋ ಟೈಪ್ ಬದಲಾಯಿಸಿದಾರೆ, ತಮ್ಮದು ಮಾತ್ರ ಕಂಪೈಲ್ ಮಾಡ್ಕೊಂಡಿದಾರೆ. ಮಿಕ್ಕ ಮೂವರ ಡಿಸ್ ಫೈಲುಗಳು ಹಳೇ ಸಹಿಯಲ್ಲೇ ಅದಾವೆ. ಹೊಸದಾಗಿ ಒಂದು ಫಂಕ್ಷನ್ ಸೇರಿಸಿದ್ರೆ ತೊಂದ್ರೆ ಇಲ್ಲ, ಹಳೇ ಮಾಡ್ಯೂಲುಗಳು ತಮಗೆ ಬೇಕಾದ್ದು ಐತಾ ಅಂತ ಮಾತ್ರ ಕೇಳ್ತವೆ, ಇರೋದನ್ನ ತಿರುಚಿದ್ರೆ ಮಾತ್ರ ಹಿಂಗಾಗೋದು.

ಮಾಡಬೇಕಾದ್ದು ಏನಂದ್ರೆ, ಡಾಟ್ ಎಮ್ ಫೈಲ್ ನಾಲ್ಕು ಜನಕ್ಕೂ ಒಂದೇ ಇರಲಿ, ಒಂದೇ ಕಡೆ ಇರಲಿ, ಎಂಕೆಫೈಲಿನಾಗೆ (ಕಂಪೈಲ್ ಕೆಲಸ ನಡೆಸೋ ಎಂಕೆ ಅನ್ನೋ ಕಮಾಂಡ್ ಓದೋ ಫೈಲು) ಅದರ ಹೆಸರು ಬರೀರಿ, ಅದು ಬದಲಾದಾಗ ಅದನ್ನ ನಂಬಿರೋ ಎಲ್ಲಾ ಮಾಡ್ಯೂಲೂ ಮತ್ತೆ ಕಂಪೈಲ್ ಆಗೋ ಹಂಗೆ. ಈಗ ಸದ್ಯಕ್ಕೆ ಎಂಕೆ ನ್ಯೂಕ್ ಕೊಟ್ಟು ಎಲ್ಲಾ ಅಳಿಸಿ, ಎಂಕೆ ಇನ್‌ಸ್ಟಾಲ್ ಕೊಡ್ರಿ. ನಾನು ಮೊದಲ್ನೇ ಸಲ ಇದೇ ಎರರಿನ ಮುಂದೆ ಮೂರು ರಾತ್ರಿ ಕೂತಿದ್ದೆ, ತಪ್ಪು ಇದ್ದದ್ದು ನಾನು ಮುಟ್ಟದೇ ಇದ್ದ ಫೈಲಿನ ಹಳೇ ಡಿಸ್‌ನಾಗೆ, ಮುಟ್ಟಿದ ಫೈಲನ್ನೇ ಮತ್ತೆ ಮತ್ತೆ ಓದ್ತಾ ಇದ್ದೆ.

ಈ ತಾಳೆ ನೋಡೋ ಕೆಲಸ ಯಾಕೆ ಇಷ್ಟು ಕಟ್ಟುನಿಟ್ಟು ಅಂತ ಹುಡುಗರಿಗೆ ಪಾಠದಾಗೆ ಹೇಳಿ ಸಾರ್, ಆಪರೇಟಿಂಗ್ ಸಿಸ್ಟಂ ಪೇಪರಿಗೆ ಇದಕ್ಕಿಂತ ಒಳ್ಳೇ ಉದಾಹರಣೆ ಸಿಗಲ್ಲ. ಲಿನಕ್ಸ್‌ನಾಗೆ ಪ್ರತಿ ಪ್ರಾಸೆಸ್ಸಿಗೂ ಅದರದ್ದೇ ಕೋಟೆ ಗೋಡೆ, ಪ್ರೊಸೆಸರ್ ಒಳಗಿರೋ ಮೆಮೊರಿ ಮ್ಯಾನೇಜ್‌ಮೆಂಟ್ ಯೂನಿಟ್ ಕಟ್ಟಿಕೊಡೋ ಗೋಡೆ. ಇನ್‌ಫರ್ನೋನ ಆ ಯೂನಿಟ್ಟೇ ಇಲ್ಲದ ಸಣ್ಣ ಯಂತ್ರಗಳಲ್ಲೂ ಓಡಬೇಕು ಅಂತ ಮಾಡಿದ್ದು, ಒಂದು ಮೆಗಾಬೈಟ್ ಮೆಮೊರಿ ಇದ್ರೂ ನಡೀಬೇಕು ಅಂತ. ಗೋಡೆ ಇಲ್ಲದ ಮೇಲೆ ಬಾಗಿಲಲ್ಲೇ ನೋಡ್ಬೇಕಲ್ಲ. ಲಿಂಬೋದಲ್ಲಿ ಪಾಯಿಂಟರ್ ಲೆಕ್ಕಾಚಾರ ಇಲ್ಲ, ಅರೇ ಆಚೆ ಕೈ ಹಾಕೋಕಾಗಲ್ಲ, ಇನ್ನೊಂದು ಮಾಡ್ಯೂಲನ್ನ ತಪ್ಪು ಟೈಪಿನಿಂದ ಕರೆಯೋಕಾಗಲ್ಲ. ಈ ಮೂರನ್ನೂ ಭಾಷೇನೇ ಕಾಯುತ್ತೆ. ಇದೇ ದಾರೀಲಿ ಈಗಿನ ಸಂಶೋಧನೆ ನೋಡಬೇಕಂದ್ರೆ ಥೀಸಿಯಸ್ ಅಂತ ಐತೆ, ಅಮೆರಿಕದ ರೈಸ್ ಮತ್ತು ಯೇಲ್ ವಿಶ್ವವಿದ್ಯಾಲಯದವರು ರಸ್ಟ್ ಭಾಷೇಲಿ ಮಾಡಿದ್ದು, 2020ರಲ್ಲಿ ಅದರ ಪೇಪರ್ ಬಂತು. ಅಲ್ಲಿ ಇಡೀ ಸಿಸ್ಟಂಗೆ ಒಂದೇ ಅಡ್ರೆಸ್ ಸ್ಪೇಸು, ಅಪ್ಲಿಕೇಶನ್ನೂ ಡ್ರೈವರ್ರೂ ಎಲ್ಲಾ ಓಡುವಾಗ ಲೋಡ್ ಆಗೋ ತುಂಡುಗಳು, ಕಾಯೋ ಕೆಲಸ ಮತ್ತೆ ಭಾಷೆಯದ್ದೇ.

ಪ್ರಶ್ನೆ: 64 ಬಿಟ್ ಉಬುಂಟು. ಎಂಕೆ ಇನ್‌ಸ್ಟಾಲ್ ಕೊಟ್ರೆ ಮೊದಲ ನಿಮಿಷದಲ್ಲೇ ಹೆಡರ್ ಫೈಲ್ ಇಲ್ಲ ಅಂತ ನಿಲ್ಲುತ್ತೆ. — ಓದುಗ, ಜಗಳೂರು

ಉತ್ತರ: ಮೂಲ ಇನ್‌ಫರ್ನೋ 32 ಬಿಟ್ಟಿಂದು. ಜಿಸಿಸಿ ಅನ್ನೋ ಸಿ ಕಂಪೈಲರಿನ 32 ಬಿಟ್ ಲೈಬ್ರರಿಗಳು, ಜೊತೆಗೆ ಎಕ್ಸ್11 ಮತ್ತು ಎಕ್ಸ್‌ಎಕ್ಸ್‌ಟ್ ಇವೆರಡರ ಐ386 ಡೆವಲಪ್‌ಮೆಂಟ್ ಪ್ಯಾಕೇಜುಗಳನ್ನ ಹಾಕ್ಕೊ. ಎಂಕೆಕಾನ್ಫಿಗ್ ಫೈಲಿನಾಗೆ ರೂಟ್ ಅನ್ನೋದಕ್ಕೆ ನಿನ್ನ ಫೋಲ್ಡರ್, ಸಿಸ್‌ಹೋಸ್ಟ್‌ಗೆ ಲಿನಕ್ಸ್, ಆಬ್ಜ್‌ಟೈಪ್‌ಗೆ 386 ಅಂತ ಬರಿ, ಈ ಮೂರು ಹೆಸರೂ ಪೂರ್ತಿ ದೊಡ್ಡಕ್ಷರ, ಲಿನಕ್ಸ್ ಅನ್ನೋದಕ್ಕೆ ಮೊದಲಕ್ಷರ ದೊಡ್ಡದು. ಆಮೇಲೆ ಮೇಕ್‌ಎಂಕೆ ಸ್ಕ್ರಿಪ್ಟ್ ಓಡಿಸಿ ಪಾಥ್‌ಗೆ ಲಿನಕ್ಸ್ ಸ್ಲ್ಯಾಶ್ 386 ಸ್ಲ್ಯಾಶ್ ಬಿನ್ ಸೇರಿಸು, ಮುಂದೆ ನಡೆಯುತ್ತೆ.

ಪ್ರಶ್ನೆ: ನಾನು ಇನ್‌ಫರ್ನೋ ಬಿಟ್ಟು ಓಬೆರಾನ್ ಹಾಕ್ಕೊಂಡೆ, ಅದೂ ಪ್ರಯೋಗದ ಸಿಸ್ಟಮ್ಮೇ ಅಂತ ಕೇಳಿದ್ದೆ. ಕಮಾಂಡ್ ಲೈನ್ ಎಲ್ಲಿದೆ ಅಂತಾನೇ ಸಿಗ್ತಿಲ್ಲ. — ಓದುಗರು, ಹೊಸದುರ್ಗ

ಉತ್ತರ: ಹುಡುಕಬೇಡಿ, ಇಲ್ಲ. ಸ್ಕ್ರೀನೆಲ್ಲಾ ಕಮಾಂಡ್ ಲೈನೇ ಅಲ್ಲಿ. ಸ್ವಿಟ್ಜರ್‌ಲೆಂಡಿನ ಜ್ಯೂರಿಕ್‌ನಾಗೆ ನಿಕ್ಲಾಸ್ ವಿರ್ಟ್ ಮತ್ತು ಯುರ್ಗ್ ಗುಟ್‌ಕ್ನೆಕ್ಟ್ 1980ರ ದಶಕದಲ್ಲಿ ಮಾಡಿದ್ದು ಇದು. ವಿರ್ಟ್ ಅಂದ್ರೆ ಪಾಸ್ಕಲ್ ಭಾಷೆ ಮಾಡಿದೋರು, ನಮ್ಮ ವಯಸ್ಸಿನ ಎಷ್ಟೋ ಜನ ಪ್ರೋಗ್ರಾಂ ಬರೆಯೋಕೆ ಕಲಿತಿದ್ದೇ ಅವರ ಭಾಷೇಲಿ, 2024ರ ಜನವರಿ 1ರಂದು ತೀರಿಕೊಂಡ್ರು. ಆ ಸುದ್ದಿ ಓದಿದ ದಿನ ಮನಸ್ಸಿಗೆ ಬಹಳ ಬೇಜಾರಾಗಿತ್ತು.

ಓಬೆರಾನ್‌ನಾಗೆ ಎಲ್ಲಾದ್ರೂ ಸರಿ, ಯಾವ ಟೆಕ್ಸ್ಟಿನಾಗಾದ್ರೂ ಸರಿ, ಮಾಡ್ಯೂಲ್ ಹೆಸರು, ಚುಕ್ಕಿ, ಪ್ರೊಸೀಜರ್ ಹೆಸರು ಅಂತ ಬರೆದು ಅದರ ಮೇಲೆ ಮೌಸಿನ ನಡುವಿನ ಬಟನ್ ಒತ್ರಿ. ಮಾಡ್ಯೂಲ್ ಲೋಡ್ ಆಗಿರಲಿಲ್ಲಾಂದ್ರೆ ಲೋಡ್ ಆಗುತ್ತೆ, ಪ್ರೊಸೀಜರ್ ಓಡುತ್ತೆ. ಆ ಪ್ರೊಸೀಜರ್ ಆರ್ಗ್ಯುಮೆಂಟ್ ಇಲ್ಲದ್ದಿರಬೇಕು, ಹೆಸರಿನ ಕೊನೇಲಿ ನಕ್ಷತ್ರ ಹಾಕಿ ಹೊರಗೆ ಕಾಣೋ ಹಂಗೆ ಮಾಡಿರಬೇಕು. ಇನ್‌ಫರ್ನೋದಲ್ಲಿ ಒಂದು ಮಾಡ್ಯೂಲಿಗೆ ಒಂದೇ ಇನಿಟ್ ಕಿಂಡಿ ಅಂದೆ, ಇಲ್ಲಿ ಒಂದು ಮಾಡ್ಯೂಲಿಗೆ ಹತ್ತು ಕಮಾಂಡ್ ಇದ್ರೂ ನಡೆಯುತ್ತೆ.

ಒಂದು ಎಚ್ಚರಿಕೆ. ಲೋಡ್ ಆದ ಮಾಡ್ಯೂಲ್ ಅಲ್ಲಿ ಮೆಮೊರಿಯಾಗೇ ಉಳ್ಕೊಳುತ್ತೆ. ನೀವು ಪ್ರೋಗ್ರಾಂ ತಿದ್ದಿ ಮತ್ತೆ ಕಂಪೈಲ್ ಮಾಡಿ ಒತ್ತಿದ್ರೂ ಓಡೋದು ಹಳೇದೇ, ತಿದ್ದಿದ್ದು ಯಾಕೆ ಕಾಣ್ತಿಲ್ಲ ಅಂತ ತಲೆ ಕೆಡಿಸ್ಕೊಂಡು ಕೂರ್ತೀರಿ. ಸಿಸ್ಟಂ ಚುಕ್ಕಿ ಫ್ರೀ ಅಂತ (ಎರಡಕ್ಕೂ ಮೊದಲಕ್ಷರ ದೊಡ್ಡದು) ಬರೆದು ಪಕ್ಕದಾಗೆ ಮಾಡ್ಯೂಲ್ ಹೆಸರು ಹಾಕಿ ಒತ್ರಿ, ಹಳೇದು ಹೋಗುತ್ತೆ, ಮುಂದಿನ ಸಲ ಹೊಸದು ಬರುತ್ತೆ.

ಪ್ರಶ್ನೆ: ನಮಸ್ಕಾರ ಸಾರ್. ನಾವು ಮಂಡಿಪೇಟೆಯಲ್ಲಿ ಅಂಗಡಿ ಇಟ್ಕೊಂಡಿರೋರು, ಕಂಪ್ಯೂಟರ್ ಗೊತ್ತಿಲ್ಲ. ಮಗ ಇಂಜಿನಿಯರಿಂಗ್ ಓದ್ತಾ ಇದಾನೆ, ನಿಮ್ಮ ಅಂಕಣ ಓದಿದ ಮೇಲೆ ರಾತ್ರಿ ಎಲ್ಲ ಇದೇ ಇನ್‌ಫರ್ನೋ ಹಿಡ್ಕೊಂಡಿದಾನೆ. ಇದ್ರಿಂದ ಅವನಿಗೆ ಕೆಲಸ ಸಿಗುತ್ತಾ? — ಓದುಗರು, ದಾವಣಗೆರೆ

ಉತ್ತರ: ನಮಸ್ಕಾರ ಅಣ್ಣಾರೇ. ಇನ್‌ಫರ್ನೋ ಗೊತ್ತಿರೋರು ಬೇಕಾಗಿದ್ದಾರೆ ಅಂತ ಯಾವ ಕಂಪನೀನೂ ಜಾಹೀರಾತು ಕೊಡಲ್ಲ, ಅದನ್ನ ಮುಚ್ಚುಮರೆ ಇಲ್ದೆ ಹೇಳ್ತೀನಿ. ಆದ್ರೆ ಅವನು ರಾತ್ರಿ ಕೂತು ಕಲೀತಿರೋದು ವ್ಯರ್ಥ ಅಲ್ಲ. ಈ ಲಿಂಬೋ ಭಾಷೆ ಮಾಡಿದೋರಲ್ಲಿ ರಾಬ್ ಪೈಕ್ ಒಬ್ಬರು, ಅವರೇ ಆಮೇಲೆ ಗೂಗಲ್‌ನಾಗೆ ಇನ್ನಿಬ್ಬರ ಜೊತೆ ಗೋ ಅನ್ನೋ ಭಾಷೆ ಮಾಡಿದ್ರು, 2009ರಲ್ಲಿ ಅದು ಹೊರಗೆ ಬಂತು. ಲಿಂಬೋದಲ್ಲಿರೋ ಚಾನೆಲ್ ಅನ್ನೋ ಪದ್ಧತಿ, ಅಂದ್ರೆ ಒಂದೇ ಹೊತ್ತಿಗೆ ಓಡ್ತಾ ಇರೋ ಕೆಲಸಗಳು ಒಂದಕ್ಕೊಂದು ಸುದ್ದಿ ದಾಟಿಸೋ ರೀತಿ, ಗೋದಲ್ಲೂ ಐತೆ, ಬರೆಯೋ ಗುರುತು ಕೂಡ ಅದೇ ಬಾಣ. ಇವತ್ತು ದೊಡ್ಡ ದೊಡ್ಡ ಕಂಪನಿಗಳ ಸರ್ವರ್ ನಡೆಸೋ ಡಾಕರ್, ಕುಬರ್ನೆಟೀಸ್ ಎರಡೂ ಗೋ ಭಾಷೇಲಿ ಬರ್ದಿರೋದು, ಆ ಭಾಷೆಗೆ ಬೆಂಗಳೂರಲ್ಲಿ ಕೆಲಸ ಐತೆ. ಇನ್‌ಫರ್ನೋದಲ್ಲಿ ಫೈಲುಗಳನ್ನ ನೆಟ್‌ವರ್ಕ್ ಮೇಲೆ ಹಂಚ್ಕೊಳ್ಳೋ 9ಪಿ ಅನ್ನೋ ಪದ್ಧತಿ ಐತೆ, ವಿಂಡೋಸ್ ಒಳಗೆ ಲಿನಕ್ಸ್ ಓಡಿಸೋ ಡಬ್ಲ್ಯುಎಸ್‌ಎಲ್ ಕೂಡ ಫೈಲ್ ತೋರಿಸೋಕೆ ಅದನ್ನೇ ಬಳಸುತ್ತೆ.

ನನ್ನ ಸಲಹೆ ಇಷ್ಟೇ. ಪರೀಕ್ಷೆ ಹತ್ರ ಇದ್ರೆ ರಾತ್ರಿ ಹನ್ನೊಂದಕ್ಕೆ ಲ್ಯಾಪ್‌ಟಾಪ್ ಮುಚ್ಚಿಸಿ. ಪರೀಕ್ಷೆ ಮುಗಿದ ಮೇಲೆ, ಲಿಂಬೋದಲ್ಲಿ ಬರ್ದಿದ್ದ ಒಂದು ಪ್ರೋಗ್ರಾಮನ್ನ ಗೋದಲ್ಲಿ ಮತ್ತೆ ಬರಿ ಅಂತ ಅವನಿಗೆ ಹೇಳಿ, ಒಂದೇ ವಾರದಾಗೆ ಅವನಿಗೇ ತಿಳಿಯುತ್ತೆ ಎರಡೂ ಎಷ್ಟು ಹತ್ತಿರದ ಸಂಬಂಧಿಕರು ಅಂತ. ಬೇಕಾದ್ರೆ ಬರ್ದಿದ್ದನ್ನ ಈ ಅಂಕಣಕ್ಕೆ ಕಳಿಸ್ಲಿ, ನಾನು ಓದಿ ತಿದ್ದಿ ಕೊಡ್ತೀನಿ.

ಪ್ರಶ್ನೆ: ಎಮುನಿಂದ ಹೊರಗೆ ಬರೋದು ಹೆಂಗೆ? ಎಕ್ಸಿಟ್ ಅಂದ್ರೂ ಹೋಗಲ್ಲ, ನಾನು ಟರ್ಮಿನಲ್ಲನ್ನೇ ಮುಚ್ತಾ ಇದೀನಿ. — ಓದುಗ, ಹಿರಿಯೂರು

ಉತ್ತರ: ಶಟ್‌ಡೌನ್ ಹೈಫನ್ ಎಚ್.